ಗಡ್ಡೆ ಕಂಡ ಮೇಲೂ ಆಪರೇಷನ್ ಮುಂದಕ್ಕೆ ಹಾಕಿದ್ದೇಕೆ?

ಪ್ರಶ್ನೆ: ನನ್ನ ತಾಯಿಗೆ 57 ವರ್ಷ. ನಾವು ಅರಸೀಕೆರೆ ಕಡೆಯವರು. ಮೂರು ತಿಂಗಳಿನಿಂದ ಅವರಿಗೆ ಹೊಟ್ಟೆ ಉಬ್ಬರ, ಎರಡು ತುತ್ತು ಉಂಡರೆ ಸಾಕೆನಿಸುವುದು ಇತ್ತು. ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ಕೊಡಿಸುತ್ತಾ ಬಂದೆವು. ಹೊಟ್ಟೆ ದಪ್ಪವಾದ ಮೇಲೆ ಸ್ಕ್ಯಾನ್ ಮಾಡಿಸಿದರೆ ಎರಡೂ ಅಂಡಾಶಯಗಳಲ್ಲಿ ಗಡ್ಡೆ, ಹೊಟ್ಟೆಯ ತುಂಬ ನೀರು. ಸಿಎ–125 ರಕ್ತಪರೀಕ್ಷೆ 1,140 ಬಂತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮುಂದಿನ ವಾರವೇ ಗರ್ಭಕೋಶ, ಅಂಡಾಶಯ ತೆಗೆದುಬಿಡೋಣ ಎಂದರು. ನಾವು ಬೆಂಗಳೂರಿಗೆ ಕರೆತಂದೆವು. ಇಲ್ಲಿ ಸ್ತ್ರೀಯರ ಕ್ಯಾನ್ಸರ್ ನೋಡುವ ಸರ್ಜನ್ ಸೂಜಿಯಿಂದ ತುಣುಕು ತೆಗೆದು ಪರೀಕ್ಷೆ ಮಾಡಿಸಿ, ಮೂರು ಸುತ್ತು ಕೀಮೋ ಆದ ಮೇಲೆ ಆಪರೇಷನ್ ಎಂದಿದ್ದಾರೆ. ಗಡ್ಡೆಯನ್ನು ಒಳಗೇ ಇಟ್ಟುಕೊಂಡು ಎರಡು ತಿಂಗಳು ಕೂತರೆ ಹರಡುವುದಿಲ್ಲವೇ? ಸೂಜಿ ಚುಚ್ಚಿದ್ದು ತಪ್ಪಲ್ಲವೇ? ನಮ್ಮ ಚಿಕ್ಕಮ್ಮನಿಗೆ ಮಾಡಿದ ಹಾಗೆ ಲ್ಯಾಪರೊಸ್ಕೋಪಿಯಲ್ಲಿ ಆಗುವುದಿಲ್ಲವೇ? ಅಮ್ಮನಿಗೆ ಇನ್ನೂ ಕ್ಯಾನ್ಸರ್ ಎಂದು ಹೇಳಿಲ್ಲ. ಹೇಳಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿರುವ ವಿವರಗಳನ್ನೇ ಹಿಡಿದು ಹೇಳುವುದಾದರೆ, ಬೆಂಗಳೂರಿನ ಸರ್ಜನ್ ಹಿಡಿದಿರುವ ದಾರಿ ಸರಿಯಾಗಿದೆ. ನಿಮ್ಮ ತಾಯಿ ನನ್ನ ಬಳಿ ಬಂದಿದ್ದರೂ ಬಹುಶಃ ಇದನ್ನೇ ಹೇಳುತ್ತಿದ್ದೆ. ಬಹುಶಃ ಎಂದದ್ದು ಸಿ.ಟಿ. ಸ್ಕ್ಯಾನನ್ನು ನಾನು ಕಣ್ಣಾರೆ ನೋಡಿಲ್ಲವಾದ್ದರಿಂದ. ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ: ಈ ಎರಡು ತಿಂಗಳು ನೀವು ಸುಮ್ಮನೆ ಕೂತಿರುವುದಿಲ್ಲ. ಕೀಮೋ ಔಷಧದ ಮೊದಲ ಹನಿ ನರಕ್ಕೆ ಇಳಿದ ದಿನವೇ ಚಿಕಿತ್ಸೆ ಶುರುವಾಯಿತು. ಆಪರೇಷನ್ ಅದೇ ಚಿಕಿತ್ಸೆಯ ನಡುವಿನ ಒಂದು ದಿನ.

ಇನ್ನೊಂದು ಮಾತು ನಿಮಗಾಗಿ. ಮೂರು ತಿಂಗಳು ಗ್ಯಾಸ್ಟ್ರಿಕ್ ಎಂದುಕೊಂಡೆವಲ್ಲ ಎಂಬ ಕೊರಗು ಪತ್ರದಲ್ಲಿ ಎದ್ದು ಕಾಣುತ್ತದೆ. ಅಂಡಾಶಯದ ಕ್ಯಾನ್ಸರ್‌ಗೆ ತನ್ನದೇ ಎನ್ನುವ ಲಕ್ಷಣವಿಲ್ಲ. ಉಬ್ಬರ, ಬೇಗ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು, ಇವು ಯಾರ ಮನೆಯಲ್ಲಿ ಇಲ್ಲ? ಹೆಚ್ಚಿನವರಲ್ಲಿ ಕಾಯಿಲೆ ಗೊತ್ತಾಗುವುದೇ ಮೂರನೇ ಹಂತದಲ್ಲಿ. ಈ ಕ್ಯಾನ್ಸರ್ ಬಹುಪಾಲು ಹುಟ್ಟುವುದು ಅಂಡಾಶಯದಲ್ಲೂ ಅಲ್ಲ, ಅದಕ್ಕೆ ತಾಗಿಕೊಂಡ ಗರ್ಭನಾಳದ ಕುಚ್ಚಿನಂಥ ತುದಿಯಲ್ಲಿ. ಅಲ್ಲಿಂದ ಉದುರಿದ ಜೀವಕೋಶಗಳು ಹೊಟ್ಟೆಯೊಳಗಿನ ನೀರಿನಲ್ಲಿ ತೇಲಿ ಎಲ್ಲೆಂದರಲ್ಲಿ ಅಂಟುತ್ತವೆ. ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದಿರುವ ಕೊಬ್ಬಿನ ಪೊರೆಯೊಂದಿದೆ, ಅದಕ್ಕೆ ಒಮೆಂಟಮ್ ಎನ್ನುತ್ತೇವೆ. ಅದೇ ಇವುಗಳ ಮೊದಲ ಮನೆ. ನಿಮ್ಮ ತಾಯಿಯ ವರದಿಯಲ್ಲಿ ಆ ಪದ ಖಂಡಿತ ಇರುತ್ತದೆ, ತೆಗೆದು ನೋಡಿ.

ಹೀಗಾಗಿ ಇದು ಒಂದು ಗಡ್ಡೆಯನ್ನು ಕಿತ್ತು ಹಾಕಿದರೆ ಮುಗಿಯುವ ಕಾಯಿಲೆಯಲ್ಲ. ಹೊಟ್ಟೆಯ ಒಳಪೊರೆಯ ಮೇಲೆ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಅಡಿಯಲ್ಲಿ, ಕರುಳಿನ ಮೈಮೇಲೆ ಸಬ್ಬಕ್ಕಿ ಚೆಲ್ಲಿದ ಹಾಗೆ ಕಾಳುಗಳಿರುತ್ತವೆ. ಕೆಲವೆಡೆ ಗಸಗಸೆಯಷ್ಟು ಸಣ್ಣವು. ನಮ್ಮ ಕೆಲಸವನ್ನು ಅಳೆಯುವ ಕೋಲು ಒಂದೇ: ಹೊಟ್ಟೆಯನ್ನು ಹೊಲಿಯುವ ಹೊತ್ತಿಗೆ ಕಣ್ಣಿಗೆ ಕಾಣುವಂಥದ್ದು ಏನಾದರೂ ಒಳಗೆ ಉಳಿಯಿತೇ ಎಂಬುದು. ಏನೂ ಉಳಿಯದ ಹೆಂಗಸರು ಹೆಚ್ಚು ಕಾಲ ಬಾಳುತ್ತಾರೆ. ಒಂದು ಸೆಂಟಿಮೀಟರ್‌ಗಿಂತ ದೊಡ್ಡದು ಉಳಿದರೆ ಅಷ್ಟೆಲ್ಲ ಕೊಯ್ದದ್ದಕ್ಕೆ ಸಿಗುವ ಫಲ ತೀರಾ ಕಡಿಮೆ. ದೇಹ ಮಾತ್ರ ನೋವನ್ನು ಪೂರ್ತಿ ಉಂಡಿರುತ್ತದೆ.

ನರ್ಸಿಂಗ್ ಹೋಮಿನ ಆಪರೇಷನ್‌ಗೆ ನೀವು ಒಪ್ಪದೇ ಇದ್ದದ್ದು ಒಳ್ಳೆಯದಾಯಿತು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಆ ವೈದ್ಯರು ಕೆಟ್ಟವರೆಂದಲ್ಲ. ಹೆರಿಗೆ, ಸಿಸೇರಿಯನ್, ಗರ್ಭಕೋಶದ ಸಾಮಾನ್ಯ ಗಡ್ಡೆ, ಇವುಗಳಲ್ಲಿ ಅವರ ಕೈ ನನ್ನ ಕೈಗಿಂತ ಪಳಗಿರಬಹುದು. ಆದರೆ ಕಾಯಿಲೆ ಪಕ್ಕೆಲುಬಿನ ಅಡಿಯವರೆಗೆ ಏರಿರುವಾಗ ಗರ್ಭಕೋಶ, ಅಂಡಾಶಯಗಳನ್ನಷ್ಟೇ ತೆಗೆದರೆ ಆಗುವುದೇನು? ನನ್ನ ಓಪಿಡಿಗೆ ತಿಂಗಳು ತಿಂಗಳೂ ಬರುವ ಡಿಸ್ಚಾರ್ಜ್ ಕಾಗದಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ಗರ್ಭಕೋಶ ತೆಗೆಯಲಾಗಿದೆ, ಒಮೆಂಟಮ್ ಮೇಲೆ ಗಡ್ಡೆಗಳಿದ್ದವು, ಹೊಟ್ಟೆ ಮುಚ್ಚಲಾಗಿದೆ. ಅಂಥವರನ್ನು ಎರಡನೇ ಸಲ ಕೊಯ್ಯುವಾಗ ಕರುಳು ಹಳೆಯ ಗಾಯಕ್ಕೆ ಅಂಟಿಕೊಂಡಿರುತ್ತದೆ, ಅಂಗಗಳ ನಡುವಿನ ಸಹಜವಾದ ಪದರಗಳು ಕಲಸಿಹೋಗಿರುತ್ತವೆ. ಮೊದಲ ಸಲಕ್ಕೆ ಸಿಗುವ ಅನುಕೂಲ ಎರಡನೇ ಸಲಕ್ಕೆ ಸಿಗುವುದಿಲ್ಲ. ಆ ಸಾಲನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹತ್ತು ದಿನ ತಡೆದು ಕಳಿಸಿದ್ದರೆ ಸಾಕಿತ್ತು.

ಹಾಗಾದರೆ ಕ್ಯಾನ್ಸರ್ ಸರ್ಜನ್ ತಾವೇ ನೇರವಾಗಿ ಆಪರೇಷನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಹೌದು, ಕೆಲವರಿಗೆ ಹಾಗೆಯೇ ಮಾಡುತ್ತೇವೆ. ಯಾರಿಗೆ ಮೊದಲು ಕತ್ತರಿ, ಯಾರಿಗೆ ಮೊದಲು ಕೀಮೋ ಎಂಬ ಬಗ್ಗೆ ನಮ್ಮ ವಲಯದಲ್ಲಿ ಇಂದಿಗೂ ಚರ್ಚೆ ನಿಂತಿಲ್ಲ. 2010ರಲ್ಲಿ ಯುರೋಪಿನಿಂದ ಮತ್ತು 2015ರಲ್ಲಿ ಬ್ರಿಟನ್ನಿನಿಂದ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ ಎರಡೂ ದಾರಿಯ ಹೆಂಗಸರು ಬದುಕಿದ ಅವಧಿ ಒಂದೇ ತೆರನಾಗಿತ್ತು. ಮೊದಲು ಕೀಮೋ ಪಡೆದವರಲ್ಲಿ ಆಪರೇಷನ್ನಿನ ತೊಂದರೆಗಳು ಕಡಿಮೆ ಇದ್ದವು. ಗಟ್ಟಿಮುಟ್ಟಾದ ರೋಗಿ, ಅನುಭವಿ ತಂಡ, ಎಲ್ಲವನ್ನೂ ತೆಗೆಯಬಹುದೆಂಬ ಭರವಸೆ ಈ ಮೂರೂ ಕೂಡಿದಾಗ ಮೊದಲೇ ಆಪರೇಷನ್ ಮಾಡುವುದೇ ಮೇಲು ಎನ್ನುವ ಸರ್ಜನ್ನರು ಬಹಳ ಮಂದಿ ಇದ್ದಾರೆ. ನಾನೂ ಆ ಪಕ್ಷದವಳೇ. ಆದರೆ ನಿಮ್ಮ ತಾಯಿಯನ್ನು ನೋಡಿ: ಹೊಟ್ಟೆ ತುಂಬ ನೀರು, ಮೂರು ತಿಂಗಳಿನಿಂದ ಸರಿಯಾದ ಊಟವಿಲ್ಲ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕುಸಿದಿರುತ್ತದೆ. ಅಂಥ ದೇಹದಲ್ಲಿ ಕರುಳಿಗೆ ಹಾಕಿದ ಹೊಲಿಗೆ ಕೂಡುವುದಿಲ್ಲ. ಸಣ್ಣ ಕರುಳಿನ ಬುಡದಲ್ಲಿ, ಅದಕ್ಕೆ ರಕ್ತ ಹಂಚುವ ನಾಳಗಳು ಕವಲೊಡೆಯುವ ಜಾಗದಲ್ಲಿ ಕಾಯಿಲೆ ಕೂತಿದ್ದರಂತೂ ಯಾವ ಸರ್ಜನ್ ಬಂದರೂ ತೆಗೆಯಲಾಗದು. ಮೂರು ವಾರಕ್ಕೊಮ್ಮೆಯಂತೆ ಮೂರು ಸುತ್ತು ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಗಳನ್ನು ಕೊಟ್ಟರೆ ಬಹುಪಾಲು ಹೆಂಗಸರಲ್ಲಿ ನೀರು ಇಳಿಯುತ್ತದೆ, ಕಾಳುಗಳು ಕರಗುತ್ತವೆ, ಹಸಿವು ಮರಳುತ್ತದೆ. ಎರಡನೇ ಸುತ್ತಿಗೆ ಬರುವಾಗ ರವಿಕೆ ಸಡಿಲವಾಗಿದೆ ಎಂದು ಅವರೇ ತೋರಿಸುತ್ತಾರೆ.

ಸೂಜಿಯ ವಿಷಯ. ನಿಮ್ಮ ತಾಯಿಗೆ ಸೂಜಿ ಚುಚ್ಚಿದ್ದು ಸರಿ, ಚುಚ್ಚದೆ ಕೀಮೋ ಶುರು ಮಾಡಿದ್ದರೆ ತಪ್ಪಾಗುತ್ತಿತ್ತು. ಸಿಎ–125 ಸಾಮಾನ್ಯವಾಗಿ 35ರ ಒಳಗಿರಬೇಕು. ಆದರೆ ಅದು ಏರಿದ ಮಾತ್ರಕ್ಕೆ ಕ್ಯಾನ್ಸರ್ ಎನ್ನುವಂತಿಲ್ಲ. ಮುಟ್ಟಿನ ತೊಂದರೆಯಾದ ಎಂಡೊಮೆಟ್ರಿಯೋಸಿಸ್‌ನಲ್ಲೂ ಏರುತ್ತದೆ, ಗರ್ಭಕೋಶದ ಸಾಮಾನ್ಯ ಗಡ್ಡೆಯಲ್ಲೂ ಏರುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಬ್ಬ ವೇಷಧಾರಿ ಇದ್ದಾನೆ: ಹೊಟ್ಟೆಯ ಕ್ಷಯ. ಮೂವತ್ತು ದಾಟದ ಒಬ್ಬ ಹೆಣ್ಣುಮಗಳು ನನ್ನ ಬಳಿ ಬಂದಿದ್ದಳು. ಹೊಟ್ಟೆಯಲ್ಲಿ ನೀರು, ತೂಕ ಇಳಿದಿದೆ, ಅಂಡಾಶಯದ ಬಳಿ ಗಂಟು, ಸಿಎ–125 ಐನೂರರ ಮೇಲೆ. ಕಾಗದದ ಮೇಲೆ ಅಂಡಾಶಯದ ಕ್ಯಾನ್ಸರ್ ಮೂರನೇ ಹಂತ ಎಂದೇ ಬರೆದು ಕಳಿಸಿದ್ದರು. ಲ್ಯಾಪರೊಸ್ಕೋಪಿಯಲ್ಲಿ ಇಣುಕಿದರೆ ಅದೇ ಸಬ್ಬಕ್ಕಿ ಕಾಳುಗಳು. ನಾನೂ ಕ್ಯಾನ್ಸರ್ ಎಂದೇ ಭಾವಿಸಿದೆ. ತುಣುಕಿನ ವರದಿ ಬಂದಾಗ ಅದು ಕ್ಷಯವಾಗಿತ್ತು. ಆರು ತಿಂಗಳ ಮಾತ್ರೆಗೆ ಗುಣವಾಯಿತು, ಅಂಡಾಶಯಗಳೂ ಉಳಿದವು. ಕಣ್ಣು ಮೋಸ ಹೋಗುತ್ತದೆಂದು ಅಂದೇ ಕಲಿತೆ. ವರದಿ ಕೈಗೆ ಬಾರದೆ ನಾನು ಯಾರಿಗೂ ಕೀಮೋ ಬರೆಯಗೊಡುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಬೇರೆ ಓದುಗರಿಗೆ ಇದು ಬೇಕಾದೀತು. ಕಾಯಿಲೆ ಹೊಟ್ಟೆಯ ತುಂಬ ಹರಡಿರುವಾಗ ಒಮೆಂಟಮ್‌ಗೆ ಸೂಜಿ ಚುಚ್ಚುವುದರಿಂದ ಹೊಸದಾಗಿ ಕೆಡುವುದೇನೂ ಇಲ್ಲ. ಆದರೆ ಒಂದೇ ಅಂಡಾಶಯದಲ್ಲಿ ಅನುಮಾನದ ಗಡ್ಡೆಯಿದ್ದು, ಬೇರೆಲ್ಲೂ ಏನೂ ಕಾಣದಿದ್ದರೆ ಅದಕ್ಕೆ ಸೂಜಿ ತಾಗಿಸಬಾರದು. ಅದು ಮುಚ್ಚಿದ ಗಡಿಗೆಯಿದ್ದಂತೆ. ಒಡೆಯದಂತೆ ಇಡಿಯಾಗಿ ಹೊರಗೆ ತಂದರೆ ಮೊದಲ ಹಂತದ ಮೊದಲ ಮೆಟ್ಟಿಲಿನಲ್ಲೇ ನಿಲ್ಲುತ್ತದೆ, ಕೆಲವರಿಗೆ ಕೀಮೋ ಕೂಡ ಬೇಡವಾಗುತ್ತದೆ. ಒಳಗೆ ಒಡೆದು ಚೆಲ್ಲಿತೋ, ಹಂತವೇ ಮೇಲೇರುತ್ತದೆ. ಸಿಸ್ಟ್ ಎಂದು ಸೂಜಿಯಿಂದ ನೀರು ಹೀರಿಸಿಕೊಂಡು ಬಂದವರನ್ನು ಕಂಡಾಗ ನಾನು ಏನೂ ಹೇಳದೆ ವರದಿ ಓದುತ್ತೇನೆ. ಅವರ ಮುಂದೆ ಆಡಿ ಆಗುವುದೇನಿದೆ?

ಲ್ಯಾಪರೊಸ್ಕೋಪಿ ನಿಮ್ಮ ತಾಯಿಗೆ ಬೇಡ. ಚಿಕ್ಕಮ್ಮನ ಕಾಯಿಲೆ ಯಾವುದೆಂದು ಬರೆದಿಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಬೇಗ ಸಿಕ್ಕಿದರೆ ಸಣ್ಣ ರಂಧ್ರಗಳ ಮೂಲಕ ಮಾಡುವುದೇ ಒಳ್ಳೆಯದು, ನೋವು ಕಡಿಮೆ, ಫಲ ಅಷ್ಟೇ. ಗರ್ಭಕೊರಳಿನ ಕ್ಯಾನ್ಸರ್ ಕಥೆ ಬೇರೆ. ಅದರ ದೊಡ್ಡ ಆಪರೇಷನ್ನನ್ನು 1898ರಲ್ಲಿ ವಿಯೆನ್ನಾದ ಎರ್ನ್ಸ್ಟ್ ವರ್ಥೈಮ್ ಆರಂಭಿಸಿದರು. ಕೋಲ್ಕತ್ತದ ಸುಬೋಧ್ ಮಿತ್ರ ಅದರ ಯೋನಿ ಮಾರ್ಗದ ವಿಧಾನಕ್ಕೆ ತಮ್ಮ ಹೆಸರನ್ನು ಸೇರಿಸಿಹೋದರು. ನಮ್ಮ ತಲೆಮಾರಿನವರು ಅದನ್ನು ಲ್ಯಾಪರೊಸ್ಕೋಪಿಗೆ ತಂದು ಹೆಮ್ಮೆಪಟ್ಟೆವು, ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದೆ. 2018ರಲ್ಲಿ 631 ಹೆಂಗಸರ ಅಧ್ಯಯನವೊಂದು ಹೊರಬಂತು. ನಾಲ್ಕೂವರೆ ವರ್ಷಗಳ ಬಳಿಕ, ಹೊಟ್ಟೆ ತೆರೆದು ಮಾಡಿದವರಲ್ಲಿ ನೂರಕ್ಕೆ 96.5 ಮಂದಿ ಕಾಯಿಲೆ ಮರಳದೆ ಇದ್ದರು, ರಂಧ್ರದ ಮೂಲಕ ಮಾಡಿದವರಲ್ಲಿ 86. ಆ ಲೇಖನವನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮರುವಾರವೇ ಕೈ ಬದಲಿಸಿದೆ. ಗರ್ಭಕೊರಳಿನ ಕಾಯಿಲೆ ಪಕ್ಕಕ್ಕೆ ಹಬ್ಬಿದ್ದರೆ ಆಪರೇಷನ್ನೇ ಬೇಡ, ಕೀಮೋ ಜೊತೆಗಿನ ರೇಡಿಯೇಷನ್ನೇ ಸರಿ ಎಂಬುದನ್ನು ಮುಂಬೈಯ ಟಾಟಾ ಆಸ್ಪತ್ರೆಯವರು ಅದೇ ವರ್ಷ ತೋರಿಸಿಕೊಟ್ಟರು. ನಮ್ಮ ವೃತ್ತಿಯಲ್ಲಿ ಅರ್ಧ ದುಡಿಮೆ ಹೀಗೆ ಬೇಡ ಎಂದು ಹೇಳುವುದೇ.

ಇನ್ನು ಆಪರೇಷನ್ ದಿನ. ಕೀಮೋ ಮೂರನೇ ಸುತ್ತಾದ ಮೂರು–ನಾಲ್ಕು ವಾರಕ್ಕೆ ಅದು ಬರುತ್ತದೆ. ನಾಲ್ಕರಿಂದ ಎಂಟು ಗಂಟೆ ಹಿಡಿಯಬಹುದು. ಹೊರಗೆ ಕೂತವರು ಗಡಿಯಾರ ನೋಡಿ ಹೆದರಬಾರದೆಂದು ಮೊದಲೇ ಹೇಳುತ್ತಿದ್ದೇನೆ. ಎದೆಗೂಡಿನ ಕೆಳಗಿನಿಂದ ಹೊಕ್ಕುಳನ್ನು ಬಳಸಿ ಕಿಬ್ಬೊಟ್ಟೆಯವರೆಗೆ ಉದ್ದದ ಗಾಯ. ತೆರೆದ ಕೂಡಲೇ ನಾವು ಏನನ್ನೂ ಕತ್ತರಿಸುವುದಿಲ್ಲ, ಮೊದಲು ಕೈಯಿಂದ ನೋಡುತ್ತೇವೆ. ಬಲಗೈಯನ್ನು ಯಕೃತ್ತಿನ ಮೇಲೆ ಜಾರಿಸಿ ವಪೆಯ ಕಮಾನನ್ನು ತಡವುತ್ತೇನೆ, ಅಲ್ಲಿ ಮರಳುಕಾಗದದಂಥ ಒರಟು ಬೆರಳಿಗೆ ಸಿಕ್ಕಿತೆಂದರೆ ಗೊತ್ತಾಗುತ್ತದೆ. ಆಮೇಲೆ ಎಡಕ್ಕೆ, ಗುಲ್ಮದ ಸುತ್ತ. ಬಳಿಕ ಸಣ್ಣ ಕರುಳನ್ನು ಮೊದಲಿನಿಂದ ಕೊನೆಯವರೆಗೆ, ಕಟ್ಟಿದ ಹೂಮಾಲೆಯನ್ನು ಮೊಳ ಹಾಕಿ ಅಳೆಯುವ ಹಾಗೆ ಗೇಣು ಗೇಣು ಸರಿಸಿ ಎರಡೂ ಮೈಯನ್ನು ನೋಡುತ್ತೇವೆ. ಎಲ್ಲೆಲ್ಲಿ ಏನಿದೆ ಎಂಬುದನ್ನು ಸಹಾಯಕರು ಬರೆದುಕೊಳ್ಳುತ್ತಾರೆ. ಎಲ್ಲವನ್ನೂ ತೆಗೆಯಲು ಆಗುತ್ತದೆಯೇ ಎಂಬ ತೀರ್ಮಾನ ಈ ಹೊತ್ತಿನಲ್ಲಿ ಆಗಬೇಕು.

ಗರ್ಭಕೋಶದ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಜಾಗವಿದೆ. ಗರ್ಭಕೋಶಕ್ಕೆ ರಕ್ತ ತರುವ ಧಮನಿಯ ಅಡಿಯಲ್ಲೇ ಕಿಡ್ನಿಯಿಂದ ಇಳಿದ ಮೂತ್ರನಾಳ ಹಾದುಹೋಗುತ್ತದೆ. ಶಾವಿಗೆಗಿಂತ ದಪ್ಪ, ಪೆನ್ಸಿಲ್‌ಗಿಂತ ಸಣ್ಣ. ಗಡ್ಡೆ ಮೆತ್ತಿಕೊಂಡಾಗ ಅದೂ ಒಂದು ರಕ್ತನಾಳದಂತೆಯೇ ಕಾಣುತ್ತದೆ. ಇಕ್ಕಳದ ತುದಿಯಿಂದ ಮೆಲ್ಲಗೆ ತಟ್ಟಿ ಕಾಯಬೇಕು. ಮೂತ್ರನಾಳವಾಗಿದ್ದರೆ ಎರೆಹುಳದಂತೆ ಒಮ್ಮೆ ಮಿಸುಕುತ್ತದೆ, ಆ ಅಲೆ ಮೂತ್ರಕೋಶದ ಕಡೆಗೆ ಇಳಿದುಹೋಗುತ್ತದೆ. ರಕ್ತನಾಳ ಹಾಗೆ ಮಿಸುಕುವುದಿಲ್ಲ. ಆ ಅಲೆಯನ್ನು ನೋಡದೆ ನಾನು ಕತ್ತರಿಯನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಕಲಿಯಲು ಬಂದ ಮಕ್ಕಳಿಗೆ ಮೊದಲು ತೋರಿಸುವುದೂ ಅದನ್ನೇ.

ಗರ್ಭಕೋಶ, ಎರಡೂ ಅಂಡಾಶಯ, ನಾಳಗಳು, ಒಮೆಂಟಮ್, ಕಾಯಿಲೆ ಹಿಡಿದ ಒಳಪೊರೆ, ಇಷ್ಟನ್ನು ತೆಗೆಯುವುದು ಖಚಿತ. ದೊಡ್ಡ ಕರುಳಿನ ಕೊನೆಯ ಭಾಗ ಗರ್ಭಕೋಶಕ್ಕೆ ಅಂಟಿದ್ದರೆ ಅದರ ಒಂದು ತುಂಡನ್ನೂ ತೆಗೆದು ಮತ್ತೆ ಜೋಡಿಸಬೇಕಾಗಬಹುದು. ಕೆಲವರಿಗೆ ಆ ಜೋಡಣೆ ಕೂಡುವವರೆಗೆ ಹೊಟ್ಟೆಯ ಮೇಲೆ ಮಲದ ಚೀಲ ಇಡುತ್ತೇವೆ, ಬಹಳ ಸಲ ಅದು ತಾತ್ಕಾಲಿಕ. ಒಪ್ಪಿಗೆ ಕಾಗದಕ್ಕೆ ಸಹಿ ಹಾಕುವ ಮೊದಲು ಈ ಸಾಧ್ಯತೆಯನ್ನು ನಿಮ್ಮ ತಾಯಿಯೇ ಕೇಳಿ ತಿಳಿದಿರಬೇಕು. ಎಚ್ಚರವಾದ ಮೇಲೆ ಚೀಲವನ್ನು ಕಂಡು ಬೆಚ್ಚುವಂತೆ ಆಗಬಾರದು.

ಇಲ್ಲಿಗೆ ನಿಮ್ಮ ಕೊನೆಯ ಪ್ರಶ್ನೆ ತಾನಾಗಿಯೇ ಬಂತು. ಹೇಳಿ. ಇಂದೇ ಅಲ್ಲದಿದ್ದರೂ ಮುಂದಿನ ಕೀಮೋಗೆ ಮೊದಲು ಹೇಳಿ. ಓಪಿಡಿಯಲ್ಲಿ ಮಕ್ಕಳು ತಾಯಿಯ ಬೆನ್ನ ಹಿಂದೆ ನಿಂತು ಕಣ್ಸನ್ನೆ ಮಾಡುತ್ತಾರೆ, ಹೇಳಬೇಡಿ ಎಂದು. ಅಂಥ ಒಬ್ಬ ತಾಯಿ, ಮಗ ಬಿಲ್ಲು ಕಟ್ಟಲು ಹೊರಗೆ ಹೋದ ಐದು ನಿಮಿಷದಲ್ಲಿ ನನ್ನ ಕೈ ಹಿಡಿದು ಕೇಳಿದರು: "ಡಾಕ್ಟರಮ್ಮ, ಇದು ಕ್ಯಾನ್ಸರ್ ಎಂದು ನನಗೆ ಗೊತ್ತು. ಮಗನಿಗೆ ನನಗೆ ಗೊತ್ತಿರುವುದು ಗೊತ್ತಾಗುವುದು ಬೇಡ, ಅವನು ತಡೆದುಕೊಳ್ಳಲಾರ." ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಒಂಟಿಯಾಗಿ ಅಳುತ್ತಿದ್ದರು. ಕೂದಲು ಉದುರುವಾಗ, ವಾರ್ಡಿನಲ್ಲಿ ಪಕ್ಕದ ಮಂಚದವರು ಮಾತಿಗಿಳಿದಾಗ ನಿಮ್ಮ ತಾಯಿಗೆ ಹೇಗೂ ತಿಳಿಯುತ್ತದೆ. ಪರರ ಬಾಯಿಂದ ತಿಳಿಯುವುದಕ್ಕಿಂತ ಮಗಳ ಬಾಯಿಂದ ತಿಳಿಯಲಿ. ಕೇಳಿದಷ್ಟಕ್ಕೆ ಉತ್ತರ ಕೊಡಿ, ಕೇಳದ್ದನ್ನು ಅಂದೇ ಸುರಿಯಬೇಡಿ. ಸುಳ್ಳನ್ನು ಮಾತ್ರ ಹೇಳಬೇಡಿ.

ನೀವು ಕೇಳದಿದ್ದರೂ ನಿಮಗೆ ನಿಜ ಹೇಳುವುದು ನನ್ನ ಕರ್ತವ್ಯ. ಮೂರನೇ ಹಂತದ ಈ ಕ್ಯಾನ್ಸರ್, ಚಿಕಿತ್ಸೆ ಚೆನ್ನಾಗಿ ನಡೆದರೂ, ಹೆಚ್ಚಿನವರಲ್ಲಿ ಕೆಲವು ವರ್ಷಗಳೊಳಗೆ ಮರಳುತ್ತದೆ. ಮರಳಿದ ಮೇಲೂ ಚಿಕಿತ್ಸೆಯಿದೆ, ಮರಳದೆ ಇರುವವರೂ ಇದ್ದಾರೆ. ಇದೇ ಕಾರಣಕ್ಕೆ ವಂಶವಾಹಿ ಪರೀಕ್ಷೆಯನ್ನು ಈಗಲೇ ಮಾಡಿಸಿ. ಬಿಆರ್‌ಸಿಎ ಎಂಬ ಜೀನಿನಲ್ಲಿ ದೋಷವಿದ್ದರೆ ಕೀಮೋ ಮುಗಿದ ಬಳಿಕ ಒಲಾಪರಿಬ್‌ನಂಥ ಮಾತ್ರೆಗಳು ಕಾಯಿಲೆಯನ್ನು ಬಹುಕಾಲ ತಡೆಹಿಡಿಯುತ್ತವೆ. ಆ ದೋಷ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡುಮಕ್ಕಳಿಗೂ ಸೇರಿ. ತಾಯಿಯಲ್ಲಿ ದೋಷ ಕಂಡರೆ ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಿಮ್ಮ ಸ್ತನ ಮತ್ತು ಅಂಡಾಶಯದ ಕ್ಯಾನ್ಸರನ್ನು ತಡೆಯಲು ದಾರಿಗಳಿವೆ, ಅದನ್ನು ಮುಂದೆ ಬಿಡುವಾಗಿ ಮಾತಾಡಬಹುದು.

ಈ ಒಂಬತ್ತು ವಾರಗಳಲ್ಲಿ ನಿಮ್ಮ ಕೈಯಲ್ಲಿರುವ ಕೆಲಸ ಕಡಿಮೆಯೇನಲ್ಲ. ಊಟ ಮುಖ್ಯ. ಮೊಟ್ಟೆ ನಂಜು, ಮೀನು ನಂಜು, ಬೇಳೆ ವಾಯು ಎಂದು ಒಂದೊಂದೇ ತಟ್ಟೆಯಿಂದ ಕಳೆಯುತ್ತಾ ಹೋಗಿ ಕೊನೆಗೆ ಗಂಜಿ ಮಾತ್ರ ಉಳಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮೊಟ್ಟೆ, ಮೊಳಕೆ ಕಾಳು, ಮೊಸರು, ರಾಗಿ, ತಿನ್ನುವವರಾದರೆ ಮೀನು, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ಕೊಡಿ. ದಿನವೂ ನಡೆಸಿ, ಮನೆಯ ಅಂಗಳದಲ್ಲೇ ಆದರೂ ಸರಿ. ಮೂರು ಚೆಂಡುಗಳಿರುವ ಉಸಿರಾಟದ ಸಾಧನ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಈಗಿನಿಂದಲೇ ಅಭ್ಯಾಸ ಮಾಡಿಸಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಒಂದು ಕಾಲು ಮಾತ್ರ ಊದಿಕೊಂಡರೂ ಅಷ್ಟೇ ತುರ್ತು. ಈ ಕ್ಯಾನ್ಸರ್‌ನಲ್ಲಿ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚು. ಆಪರೇಷನ್ ಆದ ಬಳಿಕ ಹೆಪ್ಪು ತಡೆಯುವ ಸಣ್ಣ ಚುಚ್ಚುಮದ್ದನ್ನು ಸುಮಾರು 28 ದಿನ ಹಾಕಿಸಿಕೊಳ್ಳಬೇಕಾಗುವುದೂ ಇದಕ್ಕೇ. ಅದನ್ನು ಹಾಕಲು ನೀವೇ ಕಲಿಯಬಹುದು.

ಹಣದ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೂ ಒಂದು ಭಾಗ ಸಿಗುತ್ತದೆ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಸ್ತ್ರೀ ಕ್ಯಾನ್ಸರ್‌ಗೆ ಪ್ರತ್ಯೇಕ ವಿಭಾಗವೇ ಇದೆ. ಎಲ್ಲಿಗೇ ಹೋದರೂ ಸರ್ಜನ್ನರನ್ನು ಎರಡು ಮಾತು ಕೇಳಲು ಸಂಕೋಚಪಡಬೇಡಿ: ಇಂಥ ಆಪರೇಷನ್ ತಿಂಗಳಿಗೆ ಎಷ್ಟು ಮಾಡುತ್ತೀರಿ, ಕರುಳಿನ ಕೆಲಸ ಬಂದರೆ ಯಾರು ಮಾಡುತ್ತಾರೆ? ಪ್ರಸೂತಿ ಶಾಸ್ತ್ರದಲ್ಲಿ ಎಂ.ಎಸ್. ಅಥವಾ ಎಂ.ಡಿ. ಆದ ಮೇಲೆ ಮೂರು ವರ್ಷ ಎಂ.ಸಿಎಚ್. ಓದಿ ಇದೇ ಕೆಲಸಕ್ಕೆ ಬಂದವರು ಈಗ ನಮ್ಮ ರಾಜ್ಯದಲ್ಲಿ ಇದ್ದಾರೆ. ಕೇಳಿದ್ದಕ್ಕೆ ಬೇಸರಪಡದೆ ಉತ್ತರ ಹೇಳುತ್ತಾರೆ.

ಮೂರನೇ ಕೀಮೋ ಮುಗಿದ ಮೇಲೆ ಮತ್ತೆ ಸಿ.ಟಿ., ಸಿಎ–125 ಮಾಡಿಸುತ್ತಾರೆ. ಎರಡೂ ಸ್ಕ್ಯಾನ್‌ಗಳ ಸಿಡಿಯನ್ನು, ಸೂಜಿಯಿಂದ ತೆಗೆದ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಒಂದೇ ಫೈಲಿನಲ್ಲಿಡಿ. ವಂಶವಾಹಿ ಪರೀಕ್ಷೆಗೆ ತಾಯಿಯ ರಕ್ತದ ಜೊತೆ ಆ ಬ್ಲಾಕ್ ಕೂಡ ಬೇಕಾಗಬಹುದು. ಬೇಸಿಗೆಯಲ್ಲಿ ಅದನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ.